ಕೊಕ್ಕರೆಸಾಲಿನ ಕಾಲುಚೀಲ

ಪುಷ್ಯಮಾಸ, ಬಹುಳ ಪಂಚಮಿ, ಗುರುವಾರ. ಸೂರ್ಯ ಹುಟ್ಟಿ ಮೂರು ಗಳಿಗೆಯಾಗಿತ್ತು. ಈ ಕಥೆ ಆರಂಭವಾದದ್ದು ಆಗ. ಕಥೆಗಳಿಗೆ ಸಾಮಾನ್ಯವಾಗಿ ತಿಥಿವಾರಗಳಿರುವುದಿಲ್ಲ. ಈ ಕಥೆಗೆ ಇದೆ. ಏಕೆಂದರೆ ಆ ಬೆಳಗ್ಗೆ ಹನ್ನೆರಡು ಮನೆಗಳ ಬಾಗಿಲನ್ನು ಅರಸನ ಆಳುಗಳು ಒಂದೇ ಹೊತ್ತಿಗೆ ತಟ್ಟಿದರು. ಆ ಮನೆಗಳವರು ಆ ಹೊತ್ತನ್ನು ಮರೆಯಲಿಲ್ಲ.

ಮುಗಿಲುಕೋಟೆಯೆಂಬುದೊಂದು ರಾಜ್ಯ. ಅದರ ಉತ್ತರದ ಅಂಚಿನಲ್ಲಿ, ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ಬೆಟ್ಟದ ಮೇಲೆ, ತುದಿಯೂರು ಎಂಬ ಹಳ್ಳಿಯಿತ್ತು. ಅಲ್ಲಿ ಗಂಡಸರು ಕುರಿ ಕಾಯುತ್ತಿದ್ದರು, ಸರದಿಯ ಮೇಲೆ ಗಡಿ ಕಾಯುತ್ತಿದ್ದರು. ಹೆಂಗಸರು ಉಣ್ಣೆ ನೂತು ಕಾಲುಚೀಲ ಹೆಣೆಯುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಚಿತ್ತಾರ. ಒಬ್ಬರ ಮನೆಯದು ಟಗರುಕೊಂಬು, ಇನ್ನೊಬ್ಬರದು ಹರಿವ ನೀರು, ಮತ್ತೊಬ್ಬರದು ಬಾಗಿಲಕಣ್ಣು. ಒಂದು ಮನೆಯ ಚಿತ್ತಾರವನ್ನು ಇನ್ನೊಂದು ಮನೆಯವರು ಹೆಣೆಯುವಂತಿಲ್ಲ. ಸೊಸೆ ಮನೆ ತುಂಬಿದ ದಿನ ಅತ್ತೆ ಅವಳ ಕೈಗೆ ಹೆಣಿಗೆಯ ಐದು ಕಡ್ಡಿ ಕೊಟ್ಟು ಚಿತ್ತಾರ ಕಲಿಸುತ್ತಾಳೆ. ಆ ದಿನದಿಂದ ಅವಳು ಆ ಮನೆಯವಳು.

ಇದು ಅಲಂಕಾರಕ್ಕೆ ಮಾತ್ರವಲ್ಲ. ಹಿಮ ಜಾರಿ ಸತ್ತವನ ಮುಖ ಗುರುತು ಸಿಗುವುದಿಲ್ಲ, ಕಾಲುಚೀಲ ಸಿಗುತ್ತದೆ. ಅದನ್ನು ನೋಡಿ ಹೆಣವನ್ನು ಅವನ ಮನೆಗೆ ಒಯ್ಯುತ್ತಾರೆ. ಇದಕ್ಕಾಗಿಯೇ ರಾಜಧಾನಿಯ ಅರಮನೆಯಲ್ಲಿ ಒಂದು ದೊಡ್ಡ ಬಟ್ಟೆಯಿತ್ತು. ತುದಿಯೂರಿನ ಎಲ್ಲ ಮನೆಗಳ ಚಿತ್ತಾರವನ್ನೂ ಅದರ ಮೇಲೆ ಕಸೂತಿ ಮಾಡಿ ಇಟ್ಟಿದ್ದರು.

ಆ ಊರಿನಲ್ಲಿ ಮಾಚಲೆ ಎಂಬವಳಿದ್ದಳು. ಅವಳ ಮನೆಯ ಚಿತ್ತಾರ ಕೊಕ್ಕರೆಸಾಲು: ಕಪ್ಪು ಉಣ್ಣೆಯ ಮೇಲೆ ಒಂದರ ಹಿಂದೊಂದು ಹಾರುವ ಬಿಳಿಯ ಕೊಕ್ಕರೆಗಳು. ಮನೆಯಲ್ಲಿ ಅವಳ ಅತ್ತೆ ದೇಕವ್ವೆ. ಗಂಡ ಕೇಸಿಗ ಇನ್ನೂ ಹನ್ನೊಂದು ಜನರೊಡನೆ ಗಡಿಯ ಕಾವಲಿಗೆ ಹೋಗಿದ್ದ. ಕಾವಲುಮನೆಯಿದ್ದದ್ದು ಆಳವಾದ ಕಮರಿಯೊಂದರ ಆಚೆ ದಡದಲ್ಲಿ. ಕಮರಿಗೆ ಹಗ್ಗದ ಸೇತುವೆ. ಅವರ ಮೇಲೆ ದಳವಾಯಿ ಬಿಜ್ಜಣ.

ಅಂದು ಬಾಗಿಲು ತಟ್ಟಿದ ಆಳುಗಳು ಹೇಳಿದ್ದು ಇಷ್ಟು. ಹನ್ನೆರಡು ಕಾವಲುಗಾರರೂ ಶತ್ರುವಿನ ಕಡೆಗೆ ಓಡಿಹೋಗಿದ್ದಾರೆ. ಹೋಗುವಾಗ ಸೇತುವೆಯನ್ನು ಕಡಿದು ಹೋಗಿದ್ದಾರೆ. ದಳವಾಯಿ ಬಿಜ್ಜಣರು ಪ್ರಾಣವನ್ನು ಅಂಗೈಯಲ್ಲಿ ಹಿಡಿದು ಸುದ್ದಿ ತಂದಿದ್ದಾರೆ. ಆದ್ದರಿಂದ ಆ ಹನ್ನೆರಡು ಮನೆಗಳ ಚಿತ್ತಾರಗಳನ್ನು ಬಿಚ್ಚಿಹಾಕಬೇಕು. ಇನ್ನು ಮುಂದೆ ಅವರು ಬೋಳು ಕಾಲುಚೀಲ ಹಾಕಬೇಕು. ಊರ ಬುಗ್ಗೆಯಲ್ಲಿ ಎಲ್ಲರ ನೀರು ತುಂಬಿದ ಮೇಲೆ ತುಂಬಿಕೊಳ್ಳಬೇಕು.

ಆಳುಗಳು ನಿಂತು ನೋಡುತ್ತಿದ್ದರು. ದೇಕವ್ವೆ ತನ್ನ ಕಾಲಿನದನ್ನು ಬಿಚ್ಚಿದಳು. ಮಾಚಲೆ ತನ್ನ ಕಾಲಿನದನ್ನು ಬಿಚ್ಚಿದಳು. ಕೇಸಿಗನದು ಒಂದು ಜೊತೆಯೂ ಮನೆಯಲ್ಲಿರಲಿಲ್ಲ. ಕಾವಲಿಗೆ ಹೋಗುವವರು ಇದ್ದಷ್ಟನ್ನೂ ಹೊತ್ತೊಯ್ಯುತ್ತಾರೆ. ಕಪ್ಪು ನೂಲು ಒಂದು ಕಡೆ, ಬಿಳಿಯ ನೂಲು ಒಂದು ಕಡೆ ಗುಡ್ಡೆಯಾಯಿತು. ಆಳುಗಳು ಎರಡನ್ನೂ ಒಲೆಗೆ ಹಾಕಿ ಹೋದರು.

ಮಾಚಲೆ ಅಳಲಿಲ್ಲ. ಕೇಸಿಗ ಓಡಿಹೋಗುವವನಲ್ಲವೆಂದು ಅವಳಿಗೆ ತಿಳಿದಿತ್ತು. ಓಡಿಹೋಗಿಲ್ಲವೆಂದರೆ ಏನಾಗಿರಬೇಕೆಂಬುದೂ ತಿಳಿದಿತ್ತು. ಅವಳು ಬೋಳು ಕಾಲುಚೀಲ ಹಾಕಿಕೊಂಡು, ಮೂರು ದಿನ ನಡೆದು, ರಾಜಧಾನಿಗೆ ಹೋದಳು.

ಅರಸ ಕಲಿದೇವ ಕೆಟ್ಟವನಲ್ಲ. ಬೆಚ್ಚಗಿದ್ದವನು. ಅವನು ಅವಳ ಮಾತನ್ನು ಕೊನೆಯವರೆಗೂ ಕೇಳಿದ. ತುದಿಯೂರಿನ ಕಟ್ಟಳೆಯೇ ಇದೆಯಲ್ಲ, ಎಂದ. ಸತ್ತವನ ಕಾಲುಚೀಲ ಮನೆಗೆ ಮರಳಬೇಕು. ಮರಳಿದ ದಿನವೇ ಅವನ ತಿಥಿ. ಕಾಲುಚೀಲ ಎಲ್ಲಿ ಎಂದು ಕೇಳಿದ. ಅದು ಹಿಮದ ಕೆಳಗಿದೆ ಎಂದಳು ಮಾಚಲೆ. ಹಾಗಾದರೆ ಹಿಮದ ಕೆಳಗಿರುವುದನ್ನು ತಾನು ಹೇಗೆ ನೋಡಲಿ ಎಂದು ಅರಸ ಅವಳನ್ನು ಕಳುಹಿಸಿಬಿಟ್ಟ.

ಮಾಚಲೆ ಮರಳಿ ಬಂದಳು. ಹದಿನೈದು ದಿನ ಊರೂರು ಅಲೆದಳು. ತುದಿಯೂರಿನವನೇ ಆದರೂ ಸದಾ ದಾರಿಯಲ್ಲೇ ಇರುವ, ಹೇಸರಗತ್ತೆ ಹೊಡೆಯುವ ಮಾಳಿಗನೆಂಬವನು ಆ ದಿನಗಳಲ್ಲಿ ಕಮರಿಯ ಎದುರಿನ ದಿಣ್ಣೆಯ ದಾರಿಯಲ್ಲಿ ಉಪ್ಪು ಸಾಗಿಸುತ್ತಿದ್ದನೆಂದು ತಿಳಿಯಿತು. ಅವನನ್ನು ಕರೆದುಕೊಂಡು ಎರಡನೆಯ ಬಾರಿ ಅರಮನೆಗೆ ಹೋದಳು.

ಬಾಗಿಲು ಕಾಯುವವನು ಅವಳನ್ನು ಕಂಡು, "ಬಂದಳಪ್ಪ ಕಾಲುಚೀಲದವಳು. ಈ ಸಲ ಗಂಡನಿಗೆ ಬದಲು ಕತ್ತೆ ಹಿಡಿದು ತಂದಿದ್ದಾಳೆ," ಎಂದ.

"ಅದು ಹೇಸರಗತ್ತೆ, ಅಣ್ಣ," ಎಂದ ಮಾಳಿಗ. "ಕತ್ತೆಗೆ ಬಾಗಿಲು ಕಾಯುವ ಕೆಲಸ ಸಿಗುತ್ತದೆ. ಇದಕ್ಕೆ ಅದೂ ಇಲ್ಲ."

ಒಳಗೆ ಹೋದ ಮೇಲೆ ಮಾಳಿಗ ತಮಾಷೆ ಮಾಡಲಿಲ್ಲ. ತಾನು ಕಂಡದ್ದನ್ನು ಹೇಳಿದ. ಕಾವಲುಗಾರರು ಓಡಿಹೋದರೆಂದು ದಳವಾಯಿಗಳು ಹೇಳುವ ದಿನದ ಮರುದಿನ ಕಾವಲುಮನೆಯಿಂದ ಹೊಗೆ ಏಳುತ್ತಿತ್ತು. ಅದರ ಮರುದಿನವೂ ಹೊಗೆಯಿತ್ತು. ಮೂರನೆಯ ದಿನ ತೆಳ್ಳಗೆ ಇತ್ತು. ನಾಲ್ಕನೆಯ ದಿನ ಇರಲಿಲ್ಲ.

ದಳವಾಯಿ ಬಿಜ್ಜಣ ನಕ್ಕು, ಮಂಜನ್ನು ಹೊಗೆಯೆಂದು ತಿಳಿಯುವುದು ಹೇಸರಗತ್ತೆಯ ಜೊತೆ ಬಾಳುವವರಿಗೆ ಸಹಜವೆಂದ. ಕೆಲವರು ನಕ್ಕರು. ಅರಸ ನಗಲಿಲ್ಲ. ಅದು ಹೊಗೆಯೋ ಮಂಜೋ ಎಂಬುದಕ್ಕೆ ಇನ್ನೊಬ್ಬ ಸಾಕ್ಷಿಯಿಲ್ಲ, ಆದರೆ ಓಡಿಹೋದರೆಂಬುದಕ್ಕೂ ನಿನ್ನ ಮಾತೊಂದೇ ಇದೆ, ನೀನೂ ಒಂದು ಗುರುತು ತಂದು ತೋರಿಸು ಎಂದು ಬಿಜ್ಜಣನಿಗೆ ಹೇಳಿದ.

ಒಂದು ತಿಂಗಳು ಕಳೆಯಿತು. ಬಿಜ್ಜಣ ಕುದುರೆಯೇರಿ ತುದಿಯೂರಿಗೆ ಬಂದ. ಊರ ನಡುವಿನ ಕಟ್ಟೆಯ ಮೇಲೆ ಕುಳಿತು ಹನ್ನೆರಡು ಮನೆಯವರನ್ನೂ ಕರೆಸಿದ. ಮಡಿಲಿನಿಂದ ಒಂದು ಜೊತೆ ಕಾಲುಚೀಲ ತೆಗೆದ. ಕಪ್ಪು ಉಣ್ಣೆ, ಬಿಳಿಯ ಕೊಕ್ಕರೆಗಳು. ಹಿಮ್ಮಡಿ ಸವೆದಿತ್ತು, ಕೆಸರು ಹತ್ತಿತ್ತು.

ತಾನು ವೇಷ ಮರೆಸಿಕೊಂಡು ಗಡಿಯಾಚೆ ಹೋಗಿದ್ದೆನೆಂದು ಅವನು ಹೇಳಿದ. ಹನ್ನೆರಡು ಜನರೂ ಅಲ್ಲಿ ಸುಖವಾಗಿದ್ದಾರೆ, ಬಿಸಿ ಅನ್ನ ಉಣ್ಣುತ್ತಿದ್ದಾರೆ. ಕೇಸಿಗ ಮಲಗಿದ್ದಾಗ ಅವನ ಕಾಲಿನಿಂದ ಇದನ್ನು ಕಳಚಿ ತಂದೆ ಎಂದ. ಬಿಜ್ಜಣ ಕಾಲುಚೀಲವನ್ನು ದೇಕವ್ವೆಯ ಕೈಗೆ ಕೊಟ್ಟ. ಇನ್ನು ಐದು ದಿನಕ್ಕೆ ಅರಮನೆಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಮಗನದೆಂದು ಕಣ್ತುಂಬ ನೋಡಿಕೊ ಎಂದು ದೊಡ್ಡ ಮನಸ್ಸು ತೋರಿಸಿದ.

ಹನ್ನೆರಡು ಮನೆಗಳ ಹೆಂಗಸರ ಮುಖದಲ್ಲಿ ಆ ದಿನ ಒಂದು ವಿಚಿತ್ರ ಬೆಳಕು ಕಂಡಿತು. ನಾಚಿಕೆಯ ಸುದ್ದಿ ನಿಜ. ಆದರೆ ನಾಚಿಕೆಯ ಜೊತೆಗೆ ಗಂಡಂದಿರು ಬದುಕಿದ್ದರು. ಎಷ್ಟೋ ದಿನ ಒಲೆ ಹಚ್ಚದಿದ್ದವರು ಒಲೆ ಹಚ್ಚಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಾಚಲೆ ಕಾಲುಚೀಲವನ್ನು ಕೇಳಿದಳು. ದೇಕವ್ವೆ ಒಂದನ್ನು ಕೊಟ್ಟಳು. ಮಾಚಲೆ ಅದರ ಬೆರಳ ತುದಿಯನ್ನು ತಡವಿ ನೋಡಿದಳು. ಅಲ್ಲಿ ಕೊನೆಯ ಗಂಟು ಇರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿಯಬೇಕು. ತುದಿಯೂರಿನವರು ಕಾಲುಚೀಲವನ್ನು ಕಣಕಾಲಿನಿಂದ ಆರಂಭಿಸಿ ಬೆರಳ ತುದಿಯಲ್ಲಿ ಮುಗಿಸುತ್ತಾರೆ. ಬಂಡೆಯ ಮೇಲೆ ನಡೆಯುವವರಿಗೆ ಮೊದಲು ಸವೆಯುವುದು ಬೆರಳ ತುದಿ. ಹೆಣಿಗೆ ಎಲ್ಲಿ ಮುಗಿದಿದೆಯೋ ಅಲ್ಲಿಂದ ಮಾತ್ರ ಬಿಚ್ಚಿಕೊಳ್ಳುತ್ತದೆ. ಆರಂಭಿಸಿದ ಕಡೆಯಿಂದ ಎಳೆದರೆ ಬರುವುದಿಲ್ಲ. ತುದಿಯಲ್ಲಿ ಮುಗಿಸಿದ್ದರೆ ಸವೆದಷ್ಟನ್ನು ಬಿಚ್ಚಿ ಹೊಸ ನೂಲಿನಿಂದ ಹೆಣೆದುಕೊಳ್ಳಬಹುದು. ರಾಜಧಾನಿಯವರು ರತ್ನಗಂಬಳಿಯ ಮೇಲೆ ನಡೆಯುವವರು. ಅವರ ಕಾಲುಚೀಲದ ತುದಿ ಸವೆಯುವುದಿಲ್ಲ. ಅವರು ತುದಿಯಿಂದ ಆರಂಭಿಸಿ ಕಣಕಾಲಿನಲ್ಲಿ ಮುಗಿಸುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ.

ಮಾಚಲೆ ತಲೆಯೆತ್ತಿ ನೋಡಿದಳು. ಅತ್ತೆಯ ಕೈಯಲ್ಲಿ ಇನ್ನೊಂದು ಕಾಲುಚೀಲವಿತ್ತು. ದೇಕವ್ವೆಯ ಹೆಬ್ಬೆರಳು ಅದರ ಕಣಕಾಲಿನ ಅಂಚಿನ ಮೇಲೆ, ಒಂದೇ ಕಡೆ, ಬಲವಾಗಿ ಒತ್ತಿಕೊಂಡಿತ್ತು.

"ಅತ್ತೆ, ಬೆರಳು ತೆಗೆಯಿರಿ."

"ತೆಗೆಯುವುದಿಲ್ಲ."

"ಅಲ್ಲಿ ಗಂಟಿದೆ."

"ಇದೆ. ಅವನು ನನ್ನ ಕೈಗೆ ಕೊಟ್ಟ ಕ್ಷಣವೇ ಸಿಕ್ಕಿತು. ನಲವತ್ತು ವರ್ಷ ಹೆಣೆದ ಕೈ ಇದು, ಮಗಳೇ."

ಮಾಚಲೆ, ಹಾಗಿದ್ದರೂ ಕಟ್ಟೆಯ ಮೇಲೆ ಏಕೆ ಬಾಯಿಬಿಡಲಿಲ್ಲವೆಂದು ಕೇಳಿದಳು.

"ನಿನಗೆ ಗಂಡನ ಹೆಸರು ಬೇಕು. ನನಗೆ ಮಗ ಬೇಕು," ಎಂದಳು ದೇಕವ್ವೆ. "ಹೇಡಿಯಾಗಿಯೇ ಇರಲಿ. ಶತ್ರುವಿನ ಅನ್ನವನ್ನೇ ತಿನ್ನಲಿ. ಇದು ಅವನದೆಂದು ನಾನು ಒಪ್ಪಿಕೊಂಡರೆ ಅವನು ಎಲ್ಲೋ ಒಂದು ಕಡೆ ಉಣ್ಣುತ್ತಿರುತ್ತಾನೆ. ಅವನದಲ್ಲವೆಂದು ನೀನು ಸಭೆಯಲ್ಲಿ ಹೇಳಿದ ಗಳಿಗೆಗೆ ಅವನು ಸಾಯುತ್ತಾನೆ. ಅವನನ್ನು ನೀನೇ ಸಾಯಿಸುತ್ತೀಯಾ?"

ಮಾಚಲೆ ತನ್ನ ಕೈಯಲ್ಲಿದ್ದ ಕಾಲುಚೀಲವನ್ನು ಅತ್ತೆಯ ಮಡಿಲಲ್ಲಿಟ್ಟು, ಕಡ್ಡಿ ಹಿಡಿದು ಹೆಣೆಯಲು ಕುಳಿತಳು.

ಬೆಳಗ್ಗೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಗೋಡೆಗಳು ತೆಳ್ಳಗಿರುವ ಊರಿನಲ್ಲಿ ಯಾವ ಮಾತೂ ಒಂದೇ ಮನೆಯಲ್ಲಿ ಉಳಿಯುವುದಿಲ್ಲ. ಟಗರುಕೊಂಬಿನ ಮನೆಯವಳು ಬಂದು, ತನ್ನ ಗಂಡನನ್ನು ಬದುಕಿರಲು ಬಿಡಬೇಕೆಂದು ಬೇಡಿಕೊಂಡಳು. ಹರಿವ ನೀರಿನ ಮನೆಯವಳು ಬಂದು, ನಿನ್ನ ಮೊಂಡುತನಕ್ಕೆ ಹನ್ನೊಂದು ಮನೆಗಳ ಕುಂಕುಮ ಅಳಿಸಬೇಕೇ ಎಂದು ಬೈದಳು. ಮೂರನೆಯವಳು ಬಾಗಿಲಕಣ್ಣಿನ ಮನೆಯ ಸಾತವ್ವೆ. ಅವಳ ಗಂಡನೂ ಆ ಹನ್ನೆರಡರಲ್ಲಿ ಒಬ್ಬ. ಅವಳು ಬೇಡಲೂ ಇಲ್ಲ, ಬೈಯಲೂ ಇಲ್ಲ. ಸೇತುವೆ ಮತ್ತೆ ಕಟ್ಟಿಸಿ ಮುಂದಿನ ಹುಣ್ಣಿಮೆಗೆ ಬೇರೆ ಹನ್ನೆರಡು ಜನರನ್ನು ಕಾವಲಿಗೆ ಕಳುಹಿಸುತ್ತಾರಂತೆ, ದಳವಾಯಿ ಬಿಜ್ಜಣನೇ ಕರೆದೊಯ್ಯುತ್ತಾನಂತೆ, ಪಟ್ಟಿಯಲ್ಲಿ ನನ್ನ ತಮ್ಮನಿದ್ದಾನೆ ಎಂದಳು. ಅಷ್ಟು ಹೇಳಿ ಎದ್ದು ಹೋದಳು.

ಮಾಚಲೆ ಕಡ್ಡಿಗಳನ್ನು ಮೂಲೆಗಿಟ್ಟು ಎದ್ದಳು. ಮಾಳಿಗನನ್ನು ಕರೆದುಕೊಂಡು ಮೂರನೆಯ ಬಾರಿ ಅರಮನೆಯ ದಾರಿ ಹಿಡಿದಳು. ದೇಕವ್ವೆ ಕಾಲುಚೀಲದ ಜೊತೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ನಡೆದಳು. ಮಾಚಲೆ ನಿಂತರೆ ಅವಳೂ ನಿಲ್ಲುತ್ತಿದ್ದಳು. ದಾರಿಯುದ್ದಕ್ಕೂ ಆ ಇಪ್ಪತ್ತು ಹೆಜ್ಜೆ ಕಡಿಮೆಯಾಗಲಿಲ್ಲ.

ಸಭೆ ಸೇರಿತು. ದೇಕವ್ವೆ ಕಾಲುಚೀಲವನ್ನು ಅರಸನ ಮುಂದಿಟ್ಟಳು. ಅರಮನೆಯ ದೊಡ್ಡ ಬಟ್ಟೆಯನ್ನು ತರಿಸಿ ಹೋಲಿಸಿದರು. ಕೊಕ್ಕರೆಗೆ ಕೊಕ್ಕರೆ, ರೆಕ್ಕೆಗೆ ರೆಕ್ಕೆ, ಒಂದು ಕುಣಿಕೆಯೂ ತಪ್ಪಿರಲಿಲ್ಲ. ಇನ್ನೇನು ಹೇಳುವುದಿದೆಯೆಂದು ಅರಸ ಮಾಚಲೆಯನ್ನು ಕೇಳಿದ. ದಳವಾಯಿಗಳನ್ನು ಮೂರು ಮಾತು ಕೇಳುವುದಿದೆ ಎಂದಳು.

"ಇದನ್ನು ನನ್ನ ಗಂಡನ ಕಾಲಿನಿಂದಲೇ ಕಳಚಿದಿರಾ?"

"ಹೌದು."

"ನಿಮ್ಮ ಕೈಯಿಂದಲೇ?"

"ನನ್ನ ಕೈಯಿಂದಲೇ."

"ಹೆಣೆದವಳು ನಾನೇ?"

ಬಿಜ್ಜಣ ಸಭೆಯ ಕಡೆ ತಿರುಗಿ ನಕ್ಕ. "ನಿನ್ನ ಮನೆಯ ಕೊಕ್ಕರೆಗಳನ್ನು ಬೇರೆ ಯಾರು ಹೆಣೆಯುತ್ತಾರಮ್ಮ? ನಿಮ್ಮ ಊರಿನ ಕಟ್ಟಳೆ ನನಗೆ ಗೊತ್ತಿಲ್ಲವೇ? ದೇವರ ಆಣೆಗೂ ಇದು ನಿನ್ನ ಕೈಯದೇ."

ಮಾಚಲೆ ಅರಸನಿಗೆ ಕೈಮುಗಿದು, ಈ ಸಭೆಯಲ್ಲಿರುವ ತುದಿಯೂರಿನ ಮೂವರ ಕಾಲುಚೀಲಗಳನ್ನು ಬೆರಳ ತುದಿಯಿಂದ ಎಳೆಸಿ ನೋಡಬೇಕೆಂದಳು. ತಾನು ಮೊದಲು ಕಳಚಿಟ್ಟಳು. ಆಳು ತುದಿಯ ಗಂಟು ಬಿಡಿಸಿ ಎಳೆದ, ಎಳೆ ಸರಸರನೆ ಬಂತು. ಮಾಳಿಗನೂ ಅದೇ ಊರಿನವನು. ಅವನು ಕಳಚುವಾಗ ಪಕ್ಕದವರು ಮೂಗು ಮುಚ್ಚಿಕೊಂಡರು. ಅದೂ ಬಂತು. ಮೂರನೆಯವಳು ದೇಕವ್ವೆ.

ದೇಕವ್ವೆ ಕದಲಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಳು ಎರಡು ಬಾರಿ ಕರೆದ. ಮಾಚಲೆ ಅತ್ತೆಯ ಮುಖವನ್ನು ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಮುದುಕಿ ನೆಲದ ಮೇಲೆ ಕುಳಿತು ತನ್ನ ಕಾಲುಚೀಲವನ್ನು ತಾನೇ ಕಳಚಿದಳು. ತುದಿಯ ಗಂಟನ್ನು ಹಲ್ಲಿನಿಂದ ಬಿಡಿಸಿ ತಾನೇ ಎಳೆದಳು. ಬೋಳು ನೂಲು ಅವಳ ಮಡಿಲಲ್ಲಿ ಸುರುಳಿ ಸುರುಳಿಯಾಗಿ ಬಿತ್ತು.

"ಪ್ರಭು, ಕೇಸಿಗನಿಗೆ ಮೊದಲ ಕಾಲುಚೀಲ ಹೆಣೆದವಳು ನಾನು. ಅವನ ಹೆಂಡತಿಗೆ ಹೆಣಿಗೆ ಕಲಿಸಿದವಳೂ ನಾನೇ. ನಾವು ತುದಿಯಲ್ಲಿ ಮುಗಿಸುವವರು. ಇದು ನಮ್ಮದಲ್ಲ. ನನ್ನ ಮಗ ಇದನ್ನು ಹಾಕಿರಲಿಲ್ಲ," ಎಂದಳು. ಅನಂತರ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅರಸ ಕೊಕ್ಕರೆಯ ಕಾಲುಚೀಲವನ್ನು ಎತ್ತಿಕೊಂಡ. ಬೆರಳ ತುದಿಯಿಂದ ಎಳೆದ, ಬರಲಿಲ್ಲ. ಕಣಕಾಲಿನ ಅಂಚಿನ ಗಂಟು ಬಿಡಿಸಿ ಎಳೆದ. ಒಂದು ಕೊಕ್ಕರೆ ಹೋಯಿತು. ಎರಡನೆಯದು ಹೋಯಿತು. ಮೂರನೆಯದು ಹೋಗುವ ಮೊದಲು ಅವನು ಕೈ ನಿಲ್ಲಿಸಿ, ಅರಮನೆಯ ಹೆಣಿಗೆಯವರನ್ನು ಕರೆಸಿದ.

ಬಂದವಳು ಚಂದಲೆ ಎಂಬ ವಯಸ್ಸಾದ ಹೆಂಗಸು. ಅವಳು ಕಾಲುಚೀಲವನ್ನು ಕಂಡವಳೇ ಸಭೆಯೆಂಬುದನ್ನೂ ಮರೆತು ಸಿಟ್ಟಾದಳು. "ಇದಕ್ಕೆ ಕೆಸರು ಮೆತ್ತಿದವರಾರು? ದಳವಾಯಿಗಳೇ, ಅರಸರಿಗೆ ಕಾಣಿಕೆಯೆಂದು ನಾಲ್ಕು ದಿನ ನನ್ನ ಜೀವ ತಿಂದು ಹೆಣೆಸಿದಿರಿ. ಆ ದೊಡ್ಡ ಬಟ್ಟೆ ನೋಡಿ ನೋಡಿ ನನ್ನ ಕಣ್ಣು ಹೋಯಿತು. ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿದ್ದೀರಲ್ಲ, ನಿಮಗೆ ಬುದ್ಧಿ ಇದೆಯೇ?"

ಯಾರೂ ನಗಲಿಲ್ಲ.

ಬಿಜ್ಜಣ ತಲೆಯ ರುಮಾಲನ್ನು ತೆಗೆದು ಅರಸನ ಮುಂದಿಟ್ಟ. ಅವನು ಹೇಳಿದ್ದು ಹೀಗೆ. ಅಂದು ಬೆಟ್ಟದ ಮೇಲೆ ದೊಡ್ಡ ಸದ್ದಾಯಿತು. ಶತ್ರುವಿನ ನಗಾರಿಯೆಂದು ಹೆದರಿ, ಈಚೆ ದಡಕ್ಕೆ ಓಡಿಬಂದು, ತಾನೇ ಸೇತುವೆ ಕಡಿದ. ಆಮೇಲೆ ತಿಳಿಯಿತು, ಅದು ಹಿಮ ಜಾರಿದ ಸದ್ದು. ಹನ್ನೆರಡು ಜನ ಆಚೆ ದಡದಲ್ಲಿ ನಿಂತು ಹಗ್ಗ ಎಸೆಯಲು ಕೂಗುತ್ತಿದ್ದರು. ಎಸೆಯಲು ಹಗ್ಗವಿರಲಿಲ್ಲ. ಕೆಳಗಿಳಿದು ಜನರನ್ನು ಕರೆತಂದರೆ ತಾನು ಹೆದರಿದ್ದು ಎಲ್ಲರಿಗೂ ತಿಳಿಯುತ್ತಿತ್ತು. ಕೊನೆಯವರೆಗೂ ಕೂಗುತ್ತಿದ್ದವನು ಕೇಸಿಗ.

ಅರಸ ಬಿಜ್ಜಣನ ಪದವಿಯನ್ನು ಕಿತ್ತುಕೊಂಡ. ಕಮರಿಗೆ ಹೊಸ ಸೇತುವೆಯನ್ನು ಅವನ ಕೈಯಿಂದಲೇ ಕಟ್ಟಿಸಿ, ಬದುಕಿರುವಷ್ಟು ಕಾಲ ಆಚೆ ದಡದ ಕಾವಲಿನಲ್ಲಿ ಅವನನ್ನು ಒಬ್ಬನೇ ಇರಿಸಬೇಕೆಂದು ಆಜ್ಞೆ ಮಾಡಿದ. ಹನ್ನೆರಡು ಮನೆಗಳಿಗೂ ಅವರವರ ಚಿತ್ತಾರ ಮರಳಿತು. ಕೊಕ್ಕರೆಸಾಲನ್ನು ತನ್ನ ಧ್ವಜದ ಮೇಲೆ ಬರೆಸುತ್ತೇನೆಂದೂ ಅರಸ ಹೇಳಿದ. ಅದು ಬೇಡವೆಂದಳು ಮಾಚಲೆ. ಮೊದಲ ಸಲ ನಾನು ಬಂದಾಗ ತಾವು ಒಬ್ಬನನ್ನಾದರೂ ಬೆಟ್ಟಕ್ಕೆ ಕಳುಹಿಸಿ ನೋಡಿಸಬಹುದಿತ್ತು ಎಂದಳು. ಅವನ ಉತ್ತರಕ್ಕೆ ಕಾಯದೆ ಹೊರಟಳು.

ಮೂವರೂ ಊರಿಗೆ ಮರಳಿದರು. ಅವರು ಬರುವುದನ್ನು ಹನ್ನೊಂದು ಮನೆಗಳವರು ದೂರದಿಂದಲೇ ನೋಡಿದರು. ಗೆದ್ದು ಬಂದವಳನ್ನು ಎದುರುಗೊಳ್ಳಲು ಯಾರೂ ಬರಲಿಲ್ಲ. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು, ಒಳಗಿನಿಂದ ಅಳು ಕೇಳಿಸಿತು. ಟಗರುಕೊಂಬಿನ ಮನೆಯವಳು ಆಮೇಲೆ ಎಂದೂ ಮಾಚಲೆಯೊಡನೆ ಮಾತಾಡಲಿಲ್ಲ. ಸಾತವ್ವೆ ಮಾತ್ರ ಬಂದು, ಜಗಲಿಯ ಮೇಲೆ ಒಂದು ಸೇರು ಹಿಟ್ಟು ಇಟ್ಟು ಹೋದಳು.

ಕೇಳುತ್ತಿರುವವರೇ, ಈ ಕಥೆಯ ನೀತಿ ಇದು. ಸುಳ್ಳು ಹೇಳುವವನು ಕಣ್ಣಿಗೆ ಕಾಣುವಷ್ಟನ್ನು ಮಾತ್ರ ನಕಲು ಮಾಡುತ್ತಾನೆ; ಕೆಲಸ ಬಲ್ಲವರು ಕೇಳಿದ ಒಂದೇ ಪ್ರಶ್ನೆಗೆ ಅವನು ಸಿಕ್ಕಿಬೀಳುತ್ತಾನೆ. ನಿಜ ಹೇಳಿದವರಿಗೆ ಊರು ಕೃತಜ್ಞವಾಗಿರುತ್ತದೆಂದು ಎಣಿಸಬಾರದು. ಆದರೂ ಹೇಳಬೇಕು; ಇಲ್ಲವಾದರೆ ಅದೇ ದಾರಿಯಲ್ಲಿ ಇನ್ನೂ ಹನ್ನೆರಡು ಜನ ಹೋಗುತ್ತಾರೆ.

ಹಿಮ ಕರಗಲು ಎರಡು ತಿಂಗಳಿತ್ತು. ಕರಗಿದ ಮೇಲೆ ಕಮರಿ ದಾಟುವುದೆಂದೂ, ಹನ್ನೆರಡು ಜನರನ್ನೂ ಹುಡುಕಿ ಅವರವರ ಮನೆಗೆ ತಂದೊಪ್ಪಿಸುವುದೆಂದೂ, ಯಾರೂ ಜೊತೆಗೆ ಬರದಿದ್ದರೂ ಹೋಗುವುದೆಂದೂ ಮಾಚಲೆ ನಿರ್ಧರಿಸಿದಳು.